ಕರೆವ್ವನ ಟ್ರಂಕ್ ಕಾಲ್

ನನ್ನ ತಂಗಿಯ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಕಸ್ಟಮರ್ ಕೇರ್ ಕೆಲಸಕ್ಕೆ ಸೇರಿದ್ದಾಳೆ. ಹೋದ ತಿಂಗಳು ಮನೆಗೆ ಬಂದವಳು, "ಆಯಿ, ದಿನಾ ಯಾರ್ಯಾರೋ ಫೋನ್ ಮಾಡಿ ಬೈತಾರ. ತಲಿ ಕೆಟ್ಟು ಹೋಗತೈತಿ. ನೀ ಅಷ್ಟು ವರ್ಷ ಹೆಂಗ ಮಾಡಿದಿ?" ಎಂದು ಕೇಳಿದಳು. ಬೈಗುಳಕ್ಕೆ ಹೆದರಬೇಡ, ಅದು ಮನೆಗೆ ಬಂದು ಮುಖ ತೊಳೆದರೆ ಹೋಗುತ್ತದೆ ಎಂದೆ. ನಮ್ಮ ಕಾಲದ ಟೆಲಿಫೋನ್ ಆಪರೇಟರ್‌ಗಳು ಹೆದರುತ್ತಿದ್ದದ್ದು ಸುದ್ದಿಗೆ. ಯಾರದೋ ಮನೆಯ ಕೆಟ್ಟ ಸುದ್ದಿ ಆ ಮನೆಯವರಿಗಿಂತ ಮೊದಲು ನಮ್ಮ ಕಿವಿಗೆ ಬೀಳುತ್ತಿತ್ತು. ಅದನ್ನು ಹೊತ್ತುಕೊಂಡು ಕೂರುವುದು ಹೇಗೆ ಎಂದು ಯಾವ ಟ್ರೇನಿಂಗ್‌ನಲ್ಲೂ ಹೇಳಿಕೊಡಲಿಲ್ಲ. ಅವಳಿಗೆ ಬಾಯಿಮಾತಿನಲ್ಲಿ ಹೇಳಿದ್ದು ಅರ್ಧಂಬರ್ಧವಾಯಿತು, ಅದಕ್ಕೇ ಬರೆಯಲು ಕೂತೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ.

ನಾನು ಹುಟ್ಟಾ ಪುಕ್ಕಲು. ಎಪ್ಪತ್ತರ ದಶಕದ ಮೊದಲಿಗೆ ಸಿಂದಗಿಯಲ್ಲಿ ಬೋರ್ಡಿನ ಮುಂದೆ ಕೂತ ಮೊದಲ ದಿನ ಹಲೋ ಎನ್ನುವುದಕ್ಕೂ ಪಕ್ಕದವರನ್ನು ಕೇಳಿಕೊಂಡೆ. ಬೋರ್ಡು ಎಂದರೆ ಕಪಾಟಿನಂಥ ಮರದ ಪೆಟ್ಟಿಗೆ. ಊರಿನ ಒಂದೊಂದು ಫೋನಿಗೂ ಅದರಲ್ಲಿ ಒಂದು ತೂತು, ತೂತಿನ ಮೇಲೊಂದು ಪುಟ್ಟ ತಗಡಿನ ಮುಚ್ಚಳ. ಊರಲ್ಲಿ ಯಾರಾದರೂ ಫೋನಿನ ಹಿಡಿಕೆ ತಿರುವಿದರೆ ಇಲ್ಲಿ ಅವರ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ನಾವು ವೈರಿನ ಒಂದು ತುದಿಯನ್ನು ಅಲ್ಲಿ ಚುಚ್ಚಿ ಯಾರು ಬೇಕೆಂದು ಕೇಳಿ, ಇನ್ನೊಂದು ತುದಿಯನ್ನು ಅವರ ತೂತಿಗೆ ಚುಚ್ಚಬೇಕು. ಬೇರೆ ಊರಿಗಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ನಾವು ಬಿಜಾಪುರಕ್ಕೆ, ಬಿಜಾಪುರದವರು ಸೊಲ್ಲಾಪುರಕ್ಕೆ, ಅವರು ಮುಂಬೈಗೆ, ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ ಹೋಗುವ ಕೆಲಸ. ಮೂರು ನಿಮಿಷಕ್ಕೆ ಮಾತು ಮುಗಿಯಬೇಕು. ಹೆಚ್ಚು ಬೇಕಾದರೆ ಎಕ್ಸ್‌ಟೆಂಡ್ ಮಾಡಿಸಬೇಕು.

ಮುದ್ದೇಬಿಹಾಳದಲ್ಲಿದ್ದಾಗ ಗಡಿಬಿಡಿಯಲ್ಲಿ ಒಮ್ಮೆ ಹತ್ತಿ ವ್ಯಾಪಾರಿಯೊಬ್ಬರ ವೈರನ್ನು ಸರಕಾರಿ ದವಾಖಾನೆಯ ತೂತಿಗೆ ಚುಚ್ಚಿಬಿಟ್ಟೆ. ವ್ಯಾಪಾರಿ ಹಲೋ ಎನ್ನುವ ಪೈಕಿ ಅಲ್ಲ. "ಇವತ್ತ ಎಷ್ಟು ಬಂದುವು? ಹೊರಗ ಬಿಡಬ್ಯಾಡ, ಒಂದರ ಮ್ಯಾಲ ಒಂದು ಒಟ್ಟಿ ಇಡು, ನಾಳೆ ಲಾರಿ ಕಳಸ್ತೇನಿ" ಎಂದರಂತೆ. ಆ ಕಡೆ ಡಾಕ್ಟರು ಹತ್ತಿಯ ಅಂಡಿಗೆಗಳನ್ನು ರೋಗಿಗಳೆಂದು ತಿಳಿದು, ನಮ್ಮಲ್ಲಿ ರೋಗಿಗಳನ್ನು ಹಾಗೆ ಒಟ್ಟುವುದಿಲ್ಲ ಎಂದರಂತೆ. ನನ್ನ ಮೇಲೆ ಮೆಮೋ ಬಂತು. ಆಗ ರಾತ್ರಿಯೆಲ್ಲ ಅತ್ತಿದ್ದೆ, ಈಗ ನೆನೆದರೆ ನಗು ಬರುತ್ತದೆ.

ನಗು ಬಾರದ್ದೂ ಇವೆ. ಬಸವನ ಬಾಗೇವಾಡಿಯಲ್ಲಿದ್ದಾಗ ಇಂಗಳೇಶ್ವರದಿಂದ ಒಬ್ಬ ತಾಯಿ ಮುಂಜಾನೆಯ ಬಸ್ಸಿಗೆ ಬಂದು ನಮ್ಮ ಬೆಂಚಿನ ಮೇಲೆ ಕೂತಳು. ಮಗ ಕುವೈತಿನಲ್ಲಿ ಗಾರೆ ಕೆಲಸಕ್ಕಿದ್ದ. ಇಂಥ ದಿನ ಕಾಲ್ ಮಾಡುತ್ತೇನೆ ಎಂದು ಯಾರದೋ ಕೈಯಲ್ಲಿ ಹೇಳಿಕಳಿಸಿದ್ದ. ಹೊತ್ತು ಇಳಿಯುವಾಗ ಕಾಲ್ ಬಂತು. "ಉಂಡೇನಪಾ?" ಎಂದಳು. ಅವನು ಏನೋ ಅಂದ. ಮತ್ತೆ "ಉಂಡೇನಪಾ?" ಎಂದಳು. ಮೂರು ನಿಮಿಷವೂ ಅದೇ ಆಯಿತು. ದಾರಿಯುದ್ದಕ್ಕೂ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತುಗಳೆಲ್ಲ ಹಾಗೇ ಉಳಿದವು. ಫೋನು ಇಟ್ಟ ಮೇಲೆ ಅವನ್ನು ನನಗೆ ಹೇಳಿ ಬಸ್ಸಿಗೆ ಹೋದಳು. ಪರದೇಶದಲ್ಲಿರುವ ಮನುಷ್ಯನ ಬದುಕು ಒಂದು ವೈರಿನ ಮೇಲೆ ನಿಂತಿರುತ್ತದೆ ಎಂದು ಅವತ್ತು ತಿಳಿಯಿತು, ಆಮೇಲೆ ನನ್ನ ಕೈಯಲ್ಲಿದ್ದ ವೈರಿನ ಬಗ್ಗೆ ಇನ್ನಷ್ಟು ದಿಗಿಲಾಯಿತು.

ಅಲ್ಲಿಂದ ಇಂಡಿಗೆ ವರ್ಗವಾಯಿತು. ಕರೆವ್ವನನ್ನು ಕಂಡದ್ದು ಅಲ್ಲಿ.

ಅವಳ ನಿಜವಾದ ಹೆಸರು ಕಾರಿನ್. ನಾರ್ವೆ ದೇಶದವಳು, ನರ್ಸು. ಕುಷ್ಠರೋಗಿಗಳ ಕೈಕಾಲಿನ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸಕ್ಕೆಂದು ಬಂದು ಲಚ್ಯಾಣದಲ್ಲಿ ಒಂದು ಕೋಣೆ ಹಿಡಿದಿದ್ದಳು. ಮನೆಯ ಒಡತಿ ನೀಲವ್ವನಿಗೆ ಕಾರಿನ್ ಎನ್ನಲು ನಾಲಿಗೆ ಹೊರಳಲಿಲ್ಲ, ಕರೆವ್ವ ಎಂದಳು. ಹಾಲಿನಂಥ ಬಿಳುಪಿನ ಹೆಂಗಸಿಗೆ ಇಡೀ ಊರು ಕರೆವ್ವ ಎನ್ನತೊಡಗಿತು. ಕರಿ ಬಣ್ಣದ ಅವ್ವ ಎಂದು ಅವಳಿಗೆ ಅದರ ಅರ್ಥ ಹೇಳಿದವಳು ನಾನೇ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ತಿಂಗಳಿಗೊಂದು ಭಾನುವಾರ ಅವಳು ರೈಲು ಹತ್ತಿ ಇಂಡಿಗೆ ಬರುತ್ತಿದ್ದಳು. ತಂದೆಗೆ ಕಾಲ್ ಬುಕ್ ಮಾಡಿ ಕಾಯುತ್ತ ಕೂರುವಳು. ಕೆಲವು ಸಲ ಸಂಜೆಗೆ ಸಿಗುತ್ತಿತ್ತು, ಕೆಲವು ಸಲ ಸಿಗದೆಯೇ ಕಡೆಯ ಬಸ್ಸಿಗೆ ಹೋಗುತ್ತಿದ್ದಳು. ಕಾಯುವಾಗ ನಾವಿಬ್ಬರೂ ಮಾತಾಡುತ್ತಿದ್ದೆವು. ಊರು ಬಿಟ್ಟು ಒಬ್ಬಳೇ ಇರುವ ಹೆಣ್ಣು ನಾನೂ ಆಗಿದ್ದೆ. ಅವಳು ನೀಲವ್ವನ ಬಾಯಿಂದಲೇ ಕನ್ನಡ ಕಲಿತವಳು, ಆದ್ದರಿಂದ ತಹಶೀಲ್ದಾರರ ಮುಂದೆಯೂ "ಯಾಕ್ರಿ, ಏನಾತ್ರಿ ನಮ್ಮ ಕೆಲಸ?" ಎಂದು ಗದರಿಸಿದಂತೆಯೇ ಕೇಳುವಳು.

ಇಲ್ಲಿ ಏನು ಚೆಂದ ಎಂದು ಕೇಳಿದೆ. ಚಳಿಗಾಲದಲ್ಲಿ ಹೊಲಕ್ಕೆ ಕರೆದುಕೊಂಡು ಹೋಗಿ ಎಳೆಜೋಳದ ತೆನೆ ಸುಟ್ಟು ಸೀತನಿ ಬಡಿದು ಕೈಗೆ ಹಾಕುತ್ತಾರಲ್ಲ, ಅದು ಎಂದಳು. ಮಾಳಿಗೆಯ ಮೇಲೆ ಮಲಗುವುದು ಎಂದಳು. ಏನು ಕಷ್ಟ ಎಂದೆ. ಸ್ವಲ್ಪ ಯೋಚಿಸಿ, "ಕದ" ಎಂದಳು. "ನಮ್ಮ ಕಡೆ ಕದ ಮುಚ್ಚಿದ್ರ ಒಳಗಿನವ್ರು ಸುಮ್ಮನ ಕುಂತಾರ ಅಂತ. ಇಲ್ಲಿ ಕದ ಮುಚ್ಚಿದ್ರ ಆರಾಮಿಲ್ಲ ಅಂತಾರ. ಹತ್ತು ಮಂದಿ ಬಂದು ಬಡೀತಾರ." ಒಬ್ಬಳೇ ಮಲಗಬಾರದೆಂದು ನೀಲವ್ವ ದಿನಾ ಅವಳ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದಳಂತೆ. ಮೊದಮೊದಲು ಉಸಿರು ಕಟ್ಟಿದಂತಾಗುತ್ತಿತ್ತು, ಈಗ ನೀಲವ್ವ ಕೆಮ್ಮದಿದ್ದರೆ ನಿದ್ದೆ ಬರುವುದಿಲ್ಲ ಎಂದಳು.

ತಂದೆಗೆ ಎದೆಯ ಕಾಯಿಲೆ. ಅದನ್ನು ಹೇಳುವಾಗ ಮಾತ್ರ ಅವಳ ಕಣ್ಣು ಬೋರ್ಡಿನ ಮೇಲೆ ಇರುತ್ತಿತ್ತು. ಕಾಲ್ ಸಿಕ್ಕ ತಕ್ಷಣ ಆ ಕಡೆಯ ದನಿ ತಂದೆಯದೋ ಬೇರೆಯವರದೋ ಎಂದು ಉಸಿರು ಹಿಡಿದು ಕೇಳುವಳು. ಅವಳ ಜತೆ ನಾನೂ ಉಸಿರು ಹಿಡಿಯುತ್ತಿದ್ದೆ.

ಆ ಮಂಗಳವಾರ ಮುಂಜಾನೆ, ನಾವು ಮುಂಬೈ ಬಾಯಿ ಎನ್ನುತ್ತಿದ್ದ ಅಲ್ಲಿನ ಆಪರೇಟರ್ ಹೆಂಗಸು ಲೈನಿಗೆ ಬಂದು, ನಾರ್ವೆಯಿಂದ ಕಾರಿನ್‌ಗೆ ಕಾಲ್ ಇದೆ ಎಂದಳು. ಭಾನುವಾರ ಅಲ್ಲದ ದಿನ, ಅದೂ ಅವರೇ ಮಾಡಿದ ಕಾಲ್. ಆಕೆ ಈ ಊರಲ್ಲಿಲ್ಲ, ಲಚ್ಯಾಣದಲ್ಲಿ ಫೋನಿಲ್ಲ ಎಂದೆ. ಹಾಗಾದರೆ ಆಕೆಯ ಅಣ್ಣನ ಸಂದೇಶ ತೆಗೆದುಕೊ ಎಂದು ಓದಿದಳು. ತಂದೆ ಭಾನುವಾರ ತೀರಿಕೊಂಡರು. ಶನಿವಾರ ಮಣ್ಣು. ನಿನಗಾಗಿ ಕಾಯುತ್ತೇವೆ. ಬುಧವಾರ ಮಧ್ಯಾಹ್ನ ಮುಂಬೈಯಿಂದ ಹೊರಡುವ ವಿಮಾನದಲ್ಲಿ ಸೀಟು ಹಿಡಿದಿದೆ, ಅದು ತಪ್ಪಿದರೆ ಶನಿವಾರದೊಳಗೆ ಇನ್ನೊಂದಿಲ್ಲ.

ನಮ್ಮ ನಿಯಮದ ಪ್ರಕಾರ ಸಂದೇಶವನ್ನು ಇದ್ದದ್ದು ಇದ್ದ ಹಾಗೆ ಅವರಿಗೇ ಮುಟ್ಟಿಸಬೇಕು. ನಾನು ಸೂಪರ್‌ವೈಜರ್ ಜೋಶಿ ಸಾಹೇಬರ ಮುಂದೆ ನಿಂತೆ. ಜೋಶಿಯವರು ನಿಯಮ ಎಂದರೆ ಪ್ರಾಣ ಬಿಡುವ ಮನುಷ್ಯ. ಆಪರೇಟರ್‌ಗೆ ಕಿವಿ ಇರಬೇಕು, ಬಾಯಿ ಇರಬಾರದು ಎಂದು ದಿನಕ್ಕೊಮ್ಮೆ ಹೇಳುವವರು. ಅವತ್ತು ಅವರೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಸರೋಜಾಬಾಯಿ, ಹೆಣ್ಮಗಳಿಗೆ ತಂದಿ ಸತ್ತ ಸುದ್ದಿ ಹಿಂಗ ನೆಟ್ಟಗ ಯಾರರೆ ಹೇಳ್ತಾರೇನು? ಎದಿ ಒಡದು ಹೋಗತೈತಿ."

ನಮ್ಮಲ್ಲಿ ಹೇಳುವ ಕ್ರಮ ಬೇರೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೆ ಸಾವಿನ ಸುದ್ದಿಯನ್ನು ಸಾವು ಎಂದು ಯಾರೂ ಹೇಳುವುದಿಲ್ಲ. ಹಿರಿಯರಿಬ್ಬರು ಗಾಡಿ ಮಾಡಿಕೊಂಡು ಹೋಗಿ, ತಂದೆಗೆ ಆರಾಮಿಲ್ಲ, ನೋಡಿ ಬರುವೆಯಂತೆ ನಡೆ ಎನ್ನುತ್ತಾರೆ. ಗಾಡಿ ಕಂಡಾಗಲೇ ಅವಳಿಗೆ ತಿಳಿಯುತ್ತದೆ. ತಿಳಿದರೂ ಕೇಳುವುದಿಲ್ಲ. ತವರೂರಿನ ಅಗಸಿ ಬಾಗಿಲವರೆಗೂ ಆ ಒಂದು ಮಾತನ್ನು ಹಿಡಿದುಕೊಂಡು ಹೋಗುತ್ತಾಳೆ. ಅದು ಸುಳ್ಳು ಅಂತ ನಮಗೆ ಯಾರಿಗೂ ಅನಿಸಿದ್ದಿಲ್ಲ.

ಜೋಶಿಯವರು ಬೋರ್ಡಿಗೆ ಬೇರೆಯವರನ್ನು ಕೂರಿಸಿ ಬಾಡಿಗೆಯ ಜೀಪು ತರಿಸಿದರು. ಹೆಣ್ಣುಮಕ್ಕಳೊಬ್ಬರು ಬೇಕೆಂದು ನನ್ನನ್ನು ಹತ್ತಿಸಿದರು. ಲೈನ್‌ಮನ್ ಮೈಬೂಬ ಕಾಕಾ ಕಂಬದಿಂದ ಇಳಿದವನೇ ಹೆಗಲಿನ ಹತಾರದ ಚೀಲದೊಂದಿಗೆ ಹಿಂದೆ ಹತ್ತಿದ.

ನಾವು ಲಚ್ಯಾಣ ಮುಟ್ಟಿದಾಗ ಕಾರಿನ್ ಅಂಗಳದಲ್ಲಿ ಒಬ್ಬ ಮುದುಕನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ನಮ್ಮನ್ನು ಕಂಡು ಮುಖ ಅರಳಿತು. ನೀಲವ್ವ ಹಿಂದಿನಿಂದ ಬಂದವಳು ಜೀಪು ನೋಡಿದಳು, ಜೋಶಿಯವರನ್ನು ನೋಡಿದಳು, ನನ್ನ ಮುಖ ನೋಡಿದಳು. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಒಳಗೆ ಹೋದಳು. ಅವಳಿಗೆ ಗೊತ್ತಾಯಿತು.

"ನಿಮ್ಮ ಅಪ್ಪಾರಿಗೆ ಸ್ವಲ್ಪ ಆರಾಮಿಲ್ಲಂತ್ರಿ," ಎಂದರು ಜೋಶಿ. "ನೀವು ಹೋಗಿ ನೋಡಿ ಬಂದ್ರ ಚಲೋ. ಜೀಪು ತಂದೀವಿ."

"ಹೌದ್ರಿ, ಗೊತ್ತೈತಿ," ಎಂದಳು ಕಾರಿನ್. "ಅವ್ರಿಗೆ ಯಾವತ್ತೂ ಆರಾಮಿಲ್ಲ. ಭಾನುವಾರ ಮಾತಾಡ್ತೇನಿ. ಕುಂಡರ್ರಿ, ಚಾ ಮಾಡ್ತೇನಿ."

ಜೋಶಿಯವರು ನನ್ನ ಕಡೆ ತಿರುಗಿದರು. ನಮ್ಮ ಜಿಲ್ಲೆಯ ಯಾವ ಹೆಣ್ಣುಮಗಳೂ ಆ ಮಾತಿಗೆ ಚಹಾ ಮಾಡುತ್ತೇನೆ ಎಂದಿರಲಿಕ್ಕಿಲ್ಲ. ಚಹಾ ಬಂತು. ಜೋಶಿಯವರು ಮತ್ತೆ ಧೈರ್ಯ ಮಾಡಿದರು.

"ಭಾಳ ಆರಾಮಿಲ್ಲಂತ್ರಿ."

"ದವಾಖಾನಿಗೆ ಹಾಕ್ಯಾರೇನ್ರಿ?"

"ಹಾಕ್ಯಾರ್ರಿ."

ಅವಳು ಹಗುರಾದಳು. "ಹಂಗಾರ ಚಲೋ ಆತು. ಮನಿಯಾಗ ಒಬ್ರ ಇರ್ತಾರಂತ ನನಗ ಚಿಂತಿ ಇತ್ತು. ಅಲ್ಲಿ ಡಾಕ್ಟರ್ ಭಾಳ ಶಾಣ್ಯಾ ಅದಾರ." ಆ ಮೇಲೆ ತಂದೆಯ ಒಂದು ತಮಾಷೆಯ ಕಥೆ ಹೇಳಿದಳು. ಹಿಂದೊಮ್ಮೆ ದವಾಖಾನೆಯಿಂದ ತಪ್ಪಿಸಿಕೊಂಡು ಮೀನು ಹಿಡಿಯಲು ಹೋಗಿದ್ದರಂತೆ. ಹೇಳುತ್ತ ನಗುತ್ತಿದ್ದಳು. ಮೈಬೂಬ ಕಾಕಾ ಎದ್ದು ಜೀಪಿನ ಆಚೆ ಹೋಗಿ ನಿಂತ.

ನಾನು ಹೊತ್ತಿನ ಲೆಕ್ಕ ಹಾಕುತ್ತಿದ್ದೆ. ಸೊಲ್ಲಾಪುರದ ರೈಲು ಸಂಜೆ ಲಚ್ಯಾಣಕ್ಕೆ ಬರುತ್ತದೆ. ಅದನ್ನು ಹಿಡಿದರೆ ಸೊಲ್ಲಾಪುರದಲ್ಲಿ ರಾತ್ರಿಯ ಮೇಲ್ ರೈಲು ಸಿಕ್ಕು ಬೆಳಿಗ್ಗೆಗೆ ಮುಂಬೈ. ಅದು ಹೋಯಿತೆಂದರೆ ವಿಮಾನವೂ ಹೋಯಿತು. ಜೋಶಿಯವರನ್ನು ಬದಿಗೆ ಕರೆದು ಹೇಳಿದೆ.

"ಏನ ಹುಚ್ಚದೀರಿ," ಎಂದರು. "ಭಾನುವಾರ ಸತ್ತವರ ಹೆಣ ಶನಿವಾರತನಕ ಯಾರ ಇಡ್ತಾರ? ಮುಂಬೈ ಬಾಯಿ ತಪ್ಪ ಓದ್ಯಾಳ. ಅವತ್ತ ಸಂಜೀಗೆ ಮಣ್ಣ ಆಗಿರತೈತಿ. ಇನ್ನ ಓಡಿ ಹೋಗಿ ಆಕಿ ಮಾಡೂದೇನು? ಉಂಡು ಇವತ್ತೊಂದ ದಿನ ನಿದ್ದಿ ಮಾಡ್ಲಿ. ನಾಳೆ ನೀಲವ್ವ ಮೆಲ್ಲಕ ಹೇಳ್ತಾಳ."

ಅದು ನನಗೂ ಸರಿ ಎನಿಸಿತು. ನಮ್ಮ ಊರುಗಳಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡದಿದ್ದರೆ ಓಣಿಯಲ್ಲಿ ಒಲೆ ಹೊತ್ತುವುದಿಲ್ಲ. ಆರು ದಿನ ಎಂದರೆ ಯಾರು ನಂಬುತ್ತಾರೆ? ಆದರೆ ಮುಂಬೈ ಬಾಯಿ ಆ ಸಾಲನ್ನು ಎರಡು ಸಲ ಓದಿದ್ದಳು. ನಿನಗಾಗಿ ಕಾಯುತ್ತೇವೆ ಎಂಬುದು ನನ್ನ ಕಿವಿಯಿಂದ ಹೋಗಲಿಲ್ಲ. ಅಲ್ಲಿ ಯಾರೋ ನಿಜವಾಗಿ ಕಾಯುತ್ತಿದ್ದರೆ?

ಕಾರಿನ್ ಬಚ್ಚಲ ಕಲ್ಲಿನ ಹತ್ತಿರ ಕೈ ತೊಳೆಯುತ್ತಿದ್ದಳು. ನಾನು ತಂಬಿಗೆಯಿಂದ ನೀರು ಹಾಕುತ್ತ ಸುಮ್ಮನೆ ಮಾತಿಗೆ ಎಂಬಂತೆ ಕೇಳಿದೆ. "ನಿಮ್ಮ ದೇಶದಾಗ ಯಾರರೆ ತೀರಿಕೊಂಡ್ರ ಎಷ್ಟ ದಿನ ಇಡ್ತಾರ?"

"ಒಂದು ವಾರ ಇಡ್ತಾರ," ಎಂದಳು ಸೋಪು ಉಜ್ಜುತ್ತ. "ಎಲ್ಲಾರೂ ಬರಬೇಕಲ್ಲ, ದೂರ ಇದ್ದವ್ರು."

ಹೇಳಿ ಮುಗಿಸಿದವಳ ಕೈ ನಿಂತಿತು. ನೊರೆ ಹಾಗೇ ಇತ್ತು. ತಲೆಯೆತ್ತಿ ನನ್ನನ್ನು ನೋಡಿದಳು.

"ಯಾವಾಗ?"

"ಭಾನುವಾರ."

"ನಿನಗ ಯಾವಾಗ ಗೊತ್ತಾತು?"

"ಮುಂಜಾನೆ."

"ಚಾ ಕುಡಿಯೂ ಮುಂದ ಗೊತ್ತಿತ್ತೇನು? ಎಲ್ಲಾರಿಗೂ?"

ನಾನು ಹೌದೆಂದು ತಲೆಯಾಡಿಸಿದೆ.

"ನಾ ನಗಾಕತ್ತಿದ್ನಿ," ಎಂದಳು ಮೆಲ್ಲಗೆ. "ನೀವೆಲ್ಲಾ ಕುಂತು ನೋಡಾಕತ್ತಿದ್ರಿ."

ಜೋರಾಗಿ ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಶನಿವಾರದ ಮಾತು, ಸೀಟಿನ ಮಾತು ಎಲ್ಲ ಹೇಳಿದೆ. ಕೈಯ ನೊರೆಯನ್ನು ಲಂಗಕ್ಕೆ ಒರೆಸಿಕೊಂಡು ಕೋಣೆಗೆ ಹೋದಳು, ಕದ ಮುಚ್ಚಿದಳು. ಆ ದಿನ ಯಾರೂ ಆ ಕದ ಬಡಿಯಲಿಲ್ಲ. ಹೊರಗೆ ಬಂದಾಗ ಕೈಯಲ್ಲಿ ಚೀಲವಿತ್ತು, ಕಣ್ಣು ಒಣಗಿತ್ತು.

ಸ್ಟೇಶನ್ನಿಗೆ ಅರ್ಧ ಊರು ಬಂದಿತ್ತು. ರೈಲು ತಡವಾಗಿತ್ತು. ತಡವಾದಷ್ಟೂ ಸೊಲ್ಲಾಪುರದ ಮೇಲ್ ತಪ್ಪುತ್ತದೆಂದು ನಾನು ಮತ್ತೆ ಮತ್ತೆ ಸ್ಟೇಶನ್ ಮಾಸ್ತರರ ಕೋಣೆಗೆ ಹೋಗಿ ಕೇಳಿ ಬಂದೆ. ಜೋಶಿಯವರು ಕಂಬಕ್ಕೆ ಒರಗಿ ನಿಂತಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನೀಲವ್ವ ಕಾರಿನ್‌ಳ ಕೊರಳಿಗೆ ಬಿದ್ದು ದನಿ ತೆಗೆಯಲು ಹೋದಳು. ಕಾರಿನ್ ಅವಳ ಎರಡೂ ಕೈ ಹಿಡಿದು ಇಳಿಸಿದಳು. "ಈಗ ಬ್ಯಾಡವ್ವ" ಎಂದಳು. ನೀಲವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತಳು. ಬಂದ ಅಳುವನ್ನು ನುಂಗುವುದು ನಮ್ಮ ಹೆಂಗಸರಿಗೆ ಎಷ್ಟು ಕಷ್ಟ ಎಂದು ಕಂಡವರಿಗೇ ಗೊತ್ತು.

ಹೆಣ್ಣುಮಗಳು ಇಂಥ ಹೊತ್ತಿನಲ್ಲಿ ಒಬ್ಬಳೇ ಹೋಗಬಾರದು. ರೈಲು ಬಂದಾಗ ಮೈಬೂಬ ಕಾಕಾ ಹತಾರದ ಚೀಲ ಹೆಗಲಲ್ಲೇ ಇದ್ದಂತೆ ಡಬ್ಬಿ ಹತ್ತಿದ. "ರಜಾ ಚೀಟಿ ನೀವ ಬರ್ಕೋರಿ ಸಾಹೇಬ್ರ" ಎಂದ. ಜೋಶಿಯವರು ಜೇಬಿನಲ್ಲಿದ್ದದ್ದನ್ನೆಲ್ಲ ಕಿಟಕಿಯಲ್ಲಿ ಅವನ ಕೈಗೆ ತುರುಕಿದರು. ಕಾರಿನ್ ನನ್ನತ್ತ ತಿರುಗಿ ನೋಡಲಿಲ್ಲ.

ಕಾಕಾ ವಾಪಸು ಬಂದದ್ದು ಗುರುವಾರ. ಮೇಲ್ ಓಡಿ ಹಿಡಿದದ್ದು, ವಿಮಾನದ ಬಾಗಿಲವರೆಗೆ ಬಿಡದೆ ಪೊಲೀಸರು ತನ್ನನ್ನು ತಡೆದದ್ದು ಎಲ್ಲ ಹೇಳಿದ. ದಾರಿಯುದ್ದಕ್ಕೂ ಅವಳು ಒಂದೇ ಒಂದು ಮಾತಾಡಿದ್ದಳಂತೆ, ನೀನು ಮಲಗು ಕಾಕಾ ಎಂದು. ಆಮೇಲೆ ಸುದ್ದಿ ಇಲ್ಲ. ಶನಿವಾರದೊಳಗೆ ಮುಟ್ಟಿದಳೋ ಇಲ್ಲವೋ ಎಂದು ಬೋರ್ಡಿನ ಮುಂದೆ ಕೂತು ಬೆರಳು ಕಚ್ಚಿಕೊಂಡೆ. ಟ್ರಂಕ್ ಲೈನಿನ ಮುಚ್ಚಳ ಬಿದ್ದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಜೋಶಿಯವರು ಒಳಗಿನಿಂದಲೇ "ಏನರೆ ಬಂತೇನು?" ಎನ್ನುತ್ತಿದ್ದರು.

ಮುಂದಿನ ವಾರ ಸುದ್ದಿ ಬಂತು. ಅದೇ ಮುಂಬೈ ಬಾಯಿ. ಈ ಸಲ ಕಾಲ್ ನನ್ನ ಹೆಸರಿಗೆ.

"ಸರೋಜಾ, ಮುಟ್ಟಿದ್ನಿ," ಎಂದಿತು ಬಹಳ ದೂರದ ದನಿ. "ಅಪ್ಪನ ಮುಖ ನೋಡಿದ್ನಿ. ಕೈ ಹಿಡಿದ್ನಿ."

ಅವಳೇ ಮುಂದುವರಿಸಿದಳು. ಅಲ್ಲಿ ಎಲ್ಲರೂ ಕರಿ ಕೋಟು ಹಾಕಿ ಸಾಲಾಗಿ ನಿಂತರಂತೆ, ಕೈ ಕುಲುಕಿದರಂತೆ, ಕಾಫಿ ಕುಡಿದು ತಂತಮ್ಮ ಮನೆಗೆ ಹೋದರಂತೆ. "ಇಲ್ಲಿ ಯಾರೂ ಅಳಲಿಲ್ಲ ಸರೋಜಾ. ನಾನೂ ಅಳಲಿಲ್ಲ. ಮೊದಲ ಹಂಗ ಇರತಿದ್ನಿ, ಈಗ ಆಗವಲ್ದು. ಎಲ್ಲಾರೂ ಕದ ಮುಚ್ಚಿಕೊಂಡಾರ." ಆಮೇಲೆ ಕೇಳಿದಳು. "ನಾಳೆ ಇದ ಹೊತ್ತಿಗೆ ಮತ್ತ ಕಾಲ್ ಮಾಡ್ತೇನಿ. ನೀಲವ್ವನ್ನ ಕರಿಸ್ತಿಯೇನು?"

ಮಾರನೆಯ ದಿನ ನೀಲವ್ವ ಬಂದಳು. ಜೀವಮಾನದಲ್ಲಿ ಫೋನು ಮುಟ್ಟಿದವಳಲ್ಲ. ರಿಸೀವರನ್ನು ತಲೆಕೆಳಗು ಹಿಡಿದಿದ್ದಳು, ನಾನು ಸರಿಮಾಡಿ ಕಿವಿಗೆ ಹಚ್ಚಿದೆ. ಕಾಲ್ ಬಂತು. ಆ ಕಡೆಯಿಂದ "ಯವ್ವಾ" ಎಂಬುದೊಂದೇ ಕೇಳಿಸಿತು.

ನೀಲವ್ವ ನೆಲದ ಮೇಲೆ ಕೂತಳು. ಅವತ್ತು ಸ್ಟೇಶನ್ನಿನಲ್ಲಿ ಸೆರಗು ತುರುಕಿ ನುಂಗಿದ್ದನ್ನು ತೆಗೆದಳು. ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ಕಾಣದ ದೇಶದ, ಕಾಣದ ಮನುಷ್ಯನನ್ನು ಹೆಸರಿಟ್ಟು ಕರೆದಳು. ಮೀನ ಹಿಡಿಯಾಂವ ಎಲ್ಲಿ ಹ್ವಾದ್ಯೋ ನನ್ನಪ್ಪಾ, ಮಗಳನ್ನ ಹೆಗಲ ಮ್ಯಾಲ ಹೊತ್ತು ಮಂಜಿನಾಗ ನಡದಾಂವ ಎಲ್ಲಿ ಹ್ವಾದ್ಯೋ, ಚಷ್ಮಾ ಹಾಕ್ಕೊಂಡು ದಾರಿ ನೋಡಾಂವ ಎಲ್ಲಿ ಹ್ವಾದ್ಯೋ ಎಂದಳು. ಹೊಸ್ತಿಲಿಗೆ ಅಡ್ಡ ಮಲಗಿದ್ದಾಗ ಕರೆವ್ವ ಹೇಳಿದ್ದನ್ನೆಲ್ಲ ಅವಳು ನೆನಪಿಟ್ಟುಕೊಂಡಿದ್ದಳು. ನನ್ನ ಹೆಡ್‌ಫೋನಿನಲ್ಲಿ ಆ ಕಡೆಯಿಂದಲೂ ಒಂದು ದನಿ ಏಳತೊಡಗಿತು. ಮೊದಲು ಬಿಕ್ಕಿದಂತೆ, ಆಮೇಲೆ ಎಳೆಗೂಸಿನ ಹಾಗೆ ಬಾಯ್ಬಿಟ್ಟು. ಜೋಶಿಯವರು ಬಾಗಿಲಲ್ಲಿ ಬಂದು ನಿಂತಿದ್ದರು.

ಮೂರು ನಿಮಿಷ ಆಗುತ್ತಿದ್ದಂತೆ ಮುಂಬೈ ಬಾಯಿ ಗಾಬರಿಯಿಂದ ಮಧ್ಯೆ ಬಂದಳು. ಲೈನಿನಲ್ಲಿ ಏನೋ ಗದ್ದಲವಿದೆ, ಮಾತೇ ಕೇಳಿಸುತ್ತಿಲ್ಲ, ಕಾಲ್ ಕ್ಯಾನ್ಸಲ್ ಮಾಡಲೇ ಎಂದು ಹಿಂದಿಯಲ್ಲಿ ಕೇಳಿದಳು.

ಬೇಡ, ಎಕ್ಸ್‌ಟೆಂಡ್ ಮಾಡಿ, ಇಬ್ಬರೂ ಮಾತಾಡುತ್ತಿದ್ದಾರೆ ಎಂದೆ.